ಗಾಳಿಯ ಬಾಣ ಇಡುವ ಹಿರಿಯರು

ಮೇಜಿನ ಮೇಲೆ ಹಾಸುವ ಒಂದು ನಕ್ಷೆ, ಅದರ ಮೇಲೆ ಜೇನುಗೂಡಿನಂತೆ ಹೆಣೆದ ಆರು ಮೂಲೆಯ ಮನೆಗಳು, ರಟ್ಟಿನಲ್ಲಿ ಕತ್ತರಿಸಿದ ಹಡಗಿನ ಕಾಯಿಗಳು, ಒಂದು ಜೊತೆ ದಾಳ. ಇಷ್ಟರಲ್ಲೇ ಕಡಲನ್ನೂ ಕದನವನ್ನೂ ಕಟ್ಟಿಕೊಡುವ ವಿದ್ಯೆ ನಮ್ಮದು. ಎಂದೋ ನಡೆದುಹೋದ ನೌಕಾಯುದ್ಧವನ್ನು ಇದ್ದಂತೆಯೇ ಮತ್ತೆ ಹೂಡುವುದು ಅದರ ಒಂದು ಕವಲು. ಅಂದು ಮಂಜು ಮುಸುಕದಿದ್ದರೆ, ಆ ನೌಕಾಪತಿ ಎಡಕ್ಕೆ ತಿರುಗಿದ್ದರೆ ಏನಾಗುತ್ತಿತ್ತು ಎಂದು ಕೇಳಿ, ಆಗದೇ ಹೋದದ್ದನ್ನು ಆಡಿ ನೋಡುವುದು ಇನ್ನೊಂದು ಕವಲು. ಎರಡರಲ್ಲೂ ಸಮನಾಗಿ ಕೈ ಪಳಗಿದವರು ವಿರಳ. ಅಂಥ ವಿರಳರಲ್ಲಿ ಮೊದಲ ಸಾಲಿನವರಾದ, ನಮ್ಮ ಆಟದ ಕಾರ್ಖಾನೆಯಲ್ಲಿ ಒಂದೊಂದು ಕದನವನ್ನೂ ಆಟದ ಸನ್ನಿವೇಶವಾಗಿ ಕಟ್ಟುವ ಹಿರಿಯ ರಚನಾಕಾರರು ಈ ತಿಂಗಳು ನಿವೃತ್ತರಾಗುತ್ತಿದ್ದಾರೆ. ಅವರ ಕೈಕೆಳಗೆ ಕಲಿತವರಲ್ಲಿ ಕೊನೆಯವಳಾದ ನನಗೆ ಈ ಅಭಿನಂದನ ಸಂಪುಟದಲ್ಲಿ ನಾಲ್ಕು ಮಾತು ಬರೆಯುವ ಭಾಗ್ಯ ಒದಗಿದೆ. ಸಂತೋಷದಿಂದ ಬರೆಯಬೇಕಾದ ಲೇಖನ ಇದು. ಆದರೆ ತಮ್ಮ ತಂದೆಯವರು ತೀರಿಕೊಂಡ ದಿನದಿಂದ ಗುರುಗಳು ದಾಳ ಮುಟ್ಟಿಲ್ಲ. ಅದನ್ನು ಮರೆಮಾಚಿ ಬರೆಯಲು ನನಗೆ ಬರುವುದಿಲ್ಲ.

ಅವರು ಈ ಕಾರ್ಖಾನೆಗೆ ಸೇರಿದ್ದು ನಕ್ಷೆಗಳಿಗೆ ಗೆರೆ ಎಳೆಯುವ ಕೆಲಸಕ್ಕೆ. ದೋಣಿಯಲ್ಲಿ ಕೂತರೂ ಹೊಟ್ಟೆ ತೊಳಸುವ ಅವರು ಜೀವಮಾನದಲ್ಲಿ ಹಡಗು ಹತ್ತಿದವರಲ್ಲ. ಆದ್ದರಿಂದಲೇ ಕಾಯಿ ಕತ್ತರಿಸುವ ಯಂತ್ರದವನು ಅವರಿಗೆ ‘ದಡದ ಅಡ್ಮಿರಲ್’ ಎಂದು ಹೆಸರಿಟ್ಟ. ಅದೇ ನಿಂತಿತು, ಮಾಲೀಕರೂ ಹಾಗೆಯೇ ಕರೆಯತೊಡಗಿದರು.

ಅಡ್ಮಿರಲ್ಲರು ಈ ಕ್ಷೇತ್ರಕ್ಕೆ ಕೊಟ್ಟ ಬಹುದೊಡ್ಡ ಕಾಣಿಕೆ ಒಂದು ಪುಟ್ಟ ಬಿಳಿ ಕಾಯಿ. ಬೇರೆಯವರ ಆಟಗಳಲ್ಲಿ ಹಡಗು ಮುಳುಗಿದರೆ ಅದರ ಕಾಯಿಯನ್ನು ಎತ್ತಿ ಪೆಟ್ಟಿಗೆಗೆ ಹಾಕುತ್ತಾರೆ, ಅಲ್ಲಿಗೆ ಮುಗಿಯಿತು. ಇವರ ಆಟದಲ್ಲಿ ಹಾಗಲ್ಲ. ಹಡಗು ಮುಳುಗಿದ ಮನೆಯಲ್ಲಿ ಒಂದು ಬಿಳಿ ಕಾಯಿ ಇಡಬೇಕು. ಅದು ನೀರಿಗೆ ಬಿದ್ದವರ ಕಾಯಿ. ಯಾವುದಾದರೂ ಹಡಗು ಒಂದು ಸರದಿ ಅಲ್ಲಿ ನಿಂತರೆ ಅವರನ್ನು ಎತ್ತಿಕೊಳ್ಳಬಹುದು. ನಿಂತ ಹಡಗಿಗೆ ಶತ್ರುವಿನ ಗುಂಡು ಸುಲಭವಾಗಿ ತಗಲುತ್ತದೆ. ಯಾರೂ ನಿಲ್ಲದಿದ್ದರೆ ಕೆಲವು ಸರದಿಗಳ ನಂತರ ಆ ಕಾಯಿಯನ್ನು ನಾವೇ ಕೈಯಾರೆ ತೆಗೆಯಬೇಕು. ಇದರಿಂದ ಆಟ ಎಳೆಯುತ್ತದೆಂದು ಆಟಗಾರರು ಗೊಣಗಿದರು, ರಟ್ಟು ದಂಡವೆಂದು ಮಾಲೀಕರು ಕೂಗಾಡಿದರು. “ಸತ್ತವರಿಗೂ ಒಂದು ಮನೆ ಬೇಕಾ ಅಡ್ಮಿರಲ್ಲೇ?” ಎಂದು ಯಂತ್ರದವನು ಕಿಚಾಯಿಸಿದನಂತೆ. “ಸತ್ತಿಲ್ಲ ಕಣಯ್ಯ, ಈಜ್ತಾ ಇದಾರೆ” ಎಂದರಂತೆ ಇವರು. ಅಂದಿನಿಂದ ಆ ಯಂತ್ರದವನು ಬಿಳಿ ಕಾಯಿಗಳನ್ನು ಒಂದೂ ಅಂಚು ಮುರಿಯದಂತೆ ಕತ್ತರಿಸುತ್ತಾನೆ.

ಅವರ ಸಹೃದಯತೆಯ ಪ್ರಸಂಗಗಳು ಹೇಳಿದಷ್ಟೂ ಮುಗಿಯವು. ದೂರದ ಊರಿನ ಒಬ್ಬರು ಇವರೊಡನೆ ಅಂಚೆಯ ಮೂಲಕ ಒಂದು ಕದನ ಆಡುತ್ತಿದ್ದರು, ಕಾರ್ಡಿಗೊಂದು ಸರದಿ. ನಡುವೆ ಆ ಗೃಹಸ್ಥರು ತೀರಿಕೊಂಡರು. ಅವರ ಹೆಂಡತಿ ಕ್ಷಮೆ ಕೇಳಿ ಬರೆದಾಗ ಇವರು, “ನಿಮ್ಮ ಯಜಮಾನರ ಸರದಿ ಬಾಕಿ ಇದೆ, ಅವಸರವಿಲ್ಲ, ಕಾಯುತ್ತೇನೆ” ಎಂದು ಉತ್ತರಿಸಿ, ಜೊತೆಗೆ ಆಟದ ನಿಯಮಗಳನ್ನು ಮಕ್ಕಳಿಗೆ ಹೇಳುವಂತೆ ಬಿಡಿಸಿ ಬರೆದು ಕಳಿಸಿದರು. ದಾಳವನ್ನೇ ಹಿಡಿಯದಿದ್ದ ಆ ತಾಯಿ ಆಟ ಕಲಿತು, ಗಂಡನ ಹಡಗುಗಳನ್ನು ನಡೆಸಿ, ಕೊನೆಗೆ ಇವರನ್ನು ಸೋಲಿಸಿದರು. ಆ ಸೋಲಿನ ಕಾರ್ಡು ಇವತ್ತಿಗೂ ಅವರ ಮೇಜಿನ ಗಾಜಿನ ಕೆಳಗಿದೆ.

ನಾನು ಕೆಲಸ ಕೇಳಿಕೊಂಡು ಬಂದಾಗ ಹಡಗಿನ ಬಗ್ಗೆ ಏನು ಗೊತ್ತು ಎಂದು ಕೇಳಿದರು. ಏನೂ ಗೊತ್ತಿಲ್ಲ, ಅಜ್ಜಿ ಹೇಳಿದ ಕಥೆಗಳು ಗೊತ್ತು ಎಂದೆ. ನನ್ನನ್ನು ಸಾಕಿದ್ದು ಅಜ್ಜಿ, ಕಥೆಗಳಲ್ಲೇ ಸಾಕಿದ್ದು. ಕಥೆ ಹೇಳುತ್ತ ಹೇಳುತ್ತ ಅಜ್ಜಿಯ ದನಿ ಸೋತು ಬಂದಾಗ, ನಿದ್ದೆ ಬಾರದಿದ್ದರೂ ನಾನು ಬಂದವಳಂತೆ ಕಣ್ಣು ಮುಚ್ಚಿಬಿಡುತ್ತಿದ್ದೆ. ಗೆದ್ದೆನೆಂದುಕೊಂಡು ಅಜ್ಜಿಯೂ ಮಲಗುತ್ತಿದ್ದಳು. ಇದನ್ನೆಲ್ಲ ಯಾಕೆ ಹೇಳಿದೆನೋ ತಿಳಿಯದು, ಹೇಳಿಬಿಟ್ಟೆ. ಗುರುಗಳು ನಕ್ಕು, “ಕಡಲನ್ನ ಕಲಿಸಬಹುದಮ್ಮ, ಆಮೇಲೇನಾಯ್ತು ಅಂತ ಕೇಳೋದನ್ನ ಕಲಿಸೋಕಾಗಲ್ಲ. ನಾಳೆಯಿಂದ ಬಾ” ಎಂದರು.

ಸನ್ನಿವೇಶಗಳ ಗಾಳಿಯನ್ನು ತಾಳೆ ನೋಡುವುದು ನನಗೆ ಸಿಕ್ಕ ಮೊದಲ ಕೆಲಸ. ಪ್ರತಿ ನಕ್ಷೆಯ ಮೂಲೆಯಲ್ಲೂ ಗಾಳಿ ಬೀಸುವ ದಿಕ್ಕಿಗೆ ಒಂದು ಬಾಣದ ಕಾಯಿ ಇಡುತ್ತೇವೆ; ಅದು ಆ ದಿನದ ಹವಾಮಾನದ ದಾಖಲೆಗೆ ಹೊಂದಬೇಕು. ಈ ವಿಷಯದಲ್ಲಿ ಗುರುಗಳು ಎಷ್ಟು ಕಟ್ಟುನಿಟ್ಟೆಂದರೆ, ಅಚ್ಚಾದ ನಕ್ಷೆಯಲ್ಲಿ ಗಾಳಿ ತುಸು ವಾಲಿದ್ದಕ್ಕೆ ಇಡೀ ಕಟ್ಟನ್ನು ಗುಜರಿಗೆ ಹಾಕಿಸಿದ್ದರು. ಅಂಥವರ ಒಂದು ನಕ್ಷೆಯಲ್ಲಿ, ಎಂದೂ ಅಚ್ಚಿಗೆ ಹೋಗದೆ ಬೀರುವಿನಲ್ಲೇ ಇದ್ದ ಒಂದೇ ಒಂದು ಸನ್ನಿವೇಶದಲ್ಲಿ, ಗಾಳಿ ಪೂರ್ತಿ ತಿರುವುಮುರುವಾಗಿತ್ತು. ದಾಖಲೆ ಹಿಡಿದುಕೊಂಡು ಹೋಗಿ ತೋರಿಸಿದೆ. ಅವರು ಕನ್ನಡಕ ತೆಗೆದು ಒರೆಸಿದರು. “ಗೊತ್ತಮ್ಮ. ತಿರುಗಿಸಿದ್ದು ನಾನೇ” ಎಂದರು.

ಅಂದು ಅವರು ಹೇಳಿದ್ದು ಇಷ್ಟು. ಅವರ ತಂದೆ ಯುದ್ಧಕಾಲದಲ್ಲಿ ಒಂದು ಬೆಂಗಾವಲು ಹಡಗಿನ ಹಿಂಬದಿಯಲ್ಲಿ ಹೊಗೆ ಬಿಡುವ ಕೆಲಸದಲ್ಲಿದ್ದರು. ಶತ್ರುವಿನ ಕಣ್ಣಿಗೆ ಬೀಳದಂತೆ ಹೊಗೆಯ ಪರದೆ ಎಳೆಯುವುದು ಅವರ ಪಾಲಿನ ಕಾಯಕ. ಒಂದು ದಿನ ಜೊತೆಯ ಹಡಗು ಮುಳುಗಿತು; ನೀರಿನಲ್ಲಿದ್ದವರು ಕೂಗುತ್ತಿದ್ದರು; ನಿಲ್ಲಕೂಡದೆಂದು ಅಪ್ಪಣೆಯಾಗಿ ಇವರ ಹಡಗು ಹೊಗೆ ಬಿಡುತ್ತ ಮುಂದೆ ಸಾಗಿತು. ಊರಿಗೆ ಮರಳಿದ ಮೇಲೆ ಅವರಿಗೆ ನೆಟ್ಟಗೆ ನಿದ್ದೆ ಬಂದದ್ದೇ ಇಲ್ಲ. ಮಗ ಈ ಕಸುಬಿಗೆ ಸೇರಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: ನಿಂತಿದ್ದರೆ ಏನಾಗುತ್ತಿತ್ತು? ಗುರುಗಳು ಆ ಕದನವನ್ನು ಇದ್ದಂತೆಯೇ ನಕ್ಷೆಗಿಳಿಸಿ ಒಬ್ಬರೇ ಕೂತು ಆಡಿ ನೋಡಿದರು. ಆ ದಿನದ ಗಾಳಿ ಹಿಂದಿನಿಂದ ಬೀಸುತ್ತಿತ್ತು. ಬಿಟ್ಟ ಹೊಗೆ ಹಡಗನ್ನೇ ಮುಸುಕುತ್ತಿತ್ತು. ಅಂದರೆ, ನಿಲ್ಲಬಹುದಿತ್ತು. ಹೆಚ್ಚಿನ ಸಲ ನಿಂತ ಹಡಗು ಎಲ್ಲರನ್ನೂ ಎತ್ತಿಕೊಂಡು ಪಾರಾಗುತ್ತಿತ್ತು.

ಮಗ ಗಾಳಿಯನ್ನು ತಿರುಗಿಸಿದ. ಗಾಳಿ ಎದುರಿನಿಂದ ಬಂದರೆ ಹೊಗೆಯೆಲ್ಲ ಹಿಂದಕ್ಕೆ ಹೋಗಿ, ನಿಂತ ಹಡಗು ಬಟ್ಟಬಯಲಾಗಿ ಮುಳುಗುತ್ತದೆ. ತಂದೆಯೆದುರು ಹಾಗೆಯೇ ಆಡಿ ತೋರಿಸಿದರು. “ಹಂಗಾದ್ರೆ ಆಗ್ತಿರಲಿಲ್ಲ ಅನ್ನು” ಎಂದು ಅವರು ಅಂದು ಮಧ್ಯಾಹ್ನ ಮಲಗಿದರಂತೆ. ಆಮೇಲೆ ಮನಸ್ಸು ಕಲಕಿದಾಗಲೆಲ್ಲ ‘ಆ ಆಟ ತೆಗಿಯೋ’ ಎನ್ನುವರು, ಮಗ ಹೂಡುವನು, ಹಡಗು ಮುಳುಗುವುದು, ಅವರು ಮಲಗುವರು. ಗಾಳಿ ಬಂದಾಗ ತೂರಿಕೊಳ್ಳುವವರ ಲೋಕದಲ್ಲಿ, ತಂದೆಯ ನಿದ್ದೆಗಾಗಿ ಗಾಳಿಯನ್ನೇ ತಿರುಗಿಸಿದ ಮಗನನ್ನು ನಾನು ಬೇರೆ ಕಂಡಿಲ್ಲ.

ಒಂದು ರಜೆಯ ದಿನ, ಶತ್ರುವಿನ ಕಡೆಯ ದಾಳ ಹಾಕಲು ನನ್ನನ್ನೂ ಮನೆಗೆ ಕರೆದರು. ಊಟದ ಮೇಜಿನ ಮೇಲೆ ನಕ್ಷೆ ಹಾಸಿತ್ತು. ಅದು ಮುದುರದಂತೆ ನಾಲ್ಕು ಮೂಲೆಗೂ ಔಷಧಿ ಸೀಸೆಗಳನ್ನು ಇಟ್ಟಿದ್ದರು. ಗುರುಗಳು ತಮ್ಮ ತಂದೆಯನ್ನು, ಆ ದೊಡ್ಡವರನ್ನು, ಒಳಗಿನಿಂದ ನಿಧಾನವಾಗಿ ನಡೆಸಿಕೊಂಡು ಬಂದು ಕೂರಿಸಿದರು. ಅವರು ನನ್ನನ್ನು ನೋಡಿ, “ಶತ್ರು ನೀನೇನಾ ತಾಯಿ? ಮುಖ ನೋಡಿದ್ರೆ ಹೆದರಿಕೆನೇ ಆಗಲ್ವಲ್ಲ” ಎಂದು ನಗಿಸಿದರು. ಆಮೇಲೆ ನಕ್ಷೆಯ ಮೇಲೆ ಬಾಗಿ, ಒಂದು ಬೆರಳಿನಿಂದ ಗಾಳಿಯ ಬಾಣವನ್ನು ಮೆಲ್ಲಗೆ ತಿರುಗಿಸಿ ಇಟ್ಟರು.

“ಹಿಂದಿನಿಂದ ಕಣೋ ಮಗಾ. ಹೊಗೆಯೆಲ್ಲ ನನ್ನ ಕಣ್ಣಿಗೇ ಬರ್ತಿತ್ತು.”

ಗುರುಗಳ ಕೈಯಲ್ಲಿದ್ದ ದಾಳ ಅಲ್ಲೇ ಉಳಿಯಿತು. “ಮೊದಲಿಂದಲೂ ಗೊತ್ತಿತ್ತಾ ಅಪ್ಪ?” ಎಂದು ಕೇಳಿದರು. ದೊಡ್ಡವರು ಮಗನ ಮುಖ ನೋಡದೆ, ನಕ್ಷೆಯನ್ನೇ ನೋಡುತ್ತ ಹೇಳಿದರು: “ಅಷ್ಟು ಕಷ್ಟಪಟ್ಟು ನನ್ನ ಮಲಗಿಸ್ತಿದ್ದೆ. ಎದ್ದು ಕೂರೋಕೆ ಮನಸ್ಸು ಬರಲಿಲ್ಲ.”

ನನಗೆ ಅಜ್ಜಿ ನೆನಪಾದಳು. ನಾನು ನಿದ್ದೆ ಬಂದವಳಂತೆ ಕಣ್ಣು ಮುಚ್ಚುತ್ತಿದ್ದೆನಲ್ಲ, ಅದು ಅವಳಿಗೂ ಗೊತ್ತಿತ್ತೋ ಏನೋ.

ಅಂದು ಆಟ ನಡೆಯಿತು. ದೊಡ್ಡವರು ಬಿಳಿ ಕಾಯಿ ಇದ್ದ ಮನೆಯಲ್ಲಿ ಹಡಗನ್ನು ನಿಲ್ಲಿಸಿದರು. ನಾನು ದಾಳ ಹಾಕಿದೆ. ನನ್ನ ಗುಂಡುಗಳು ಹೊಗೆಯಲ್ಲಿ ದಾರಿ ತಪ್ಪಿದವು. ಅವರು ಬಿಳಿ ಕಾಯಿಯನ್ನು ಎತ್ತಿ ಮುಷ್ಟಿಯಲ್ಲಿ ಹಿಡಿದುಕೊಂಡರು, ಹಡಗನ್ನು ನಕ್ಷೆಯ ಅಂಚಿನ ಆಚೆಗೆ ದಾಟಿಸಿದರು. ಯಾರೂ ಗೆದ್ದೆವೆನ್ನಲಿಲ್ಲ. ಅವರು ಅಂದು ಮಲಗಲಿಲ್ಲ. ಸಂಜೆಯವರೆಗೂ ಕೂತು, ನೀರಿನಲ್ಲಿ ಉಳಿದವರ ಅಡ್ಡಹೆಸರುಗಳನ್ನು, ಅವರ ಚೇಷ್ಟೆಗಳನ್ನು ಒಂದೊಂದಾಗಿ ಮಗನಿಗೆ ಹೇಳಿದರು. ಅದೆಲ್ಲ ಮಗನಿಗೆ ಹೊಸದು. ಕೆಲವು ತಿಂಗಳಲ್ಲೇ ಅವರು ಹೋದರು. ಆ ಬಿಳಿ ಕಾಯಿ ಮತ್ತೆ ಪೆಟ್ಟಿಗೆಗೆ ಬರಲಿಲ್ಲ. ಎಲ್ಲಿ ಎಂದು ನಾವು ಯಾರೂ ಕೇಳಲಿಲ್ಲ.

ಗುರುಗಳ ಕೊನೆಯ ಪೆಟ್ಟಿಗೆಯಲ್ಲಿ ಈ ಸನ್ನಿವೇಶ ಕಡೆಗೂ ಅಚ್ಚಾಗಿದೆ. ಅದಕ್ಕೆ ಅವರು ಸೇರಿಸಿದ ಹೊಸ ನಿಯಮ ಒಂದೇ: ‘ಗಾಳಿಯ ಬಾಣವನ್ನು ಮೇಜಿಗೆ ಕೂತವರಲ್ಲಿ ಅತಿ ಹಿರಿಯರು ಇಡತಕ್ಕದ್ದು. ಅವರು ಹೇಗೆ ಇಟ್ಟರೂ ಉಳಿದವರು ಪ್ರಶ್ನಿಸತಕ್ಕದ್ದಲ್ಲ.’ ದಾಖಲೆ ಬಿಟ್ಟು ಒಂದು ಕೂದಲೆಳೆ ಆಚೀಚೆ ಸರಿಯದಿದ್ದ ಮನುಷ್ಯರು ಹೀಗೆ ಬರೆದದ್ದನ್ನು ಕಂಡು ಮಾಲೀಕರು ಹುಬ್ಬೇರಿಸಿದರು. ಯಂತ್ರದವನು ಮಾತ್ರ ಓದಿ ಯಂತ್ರಕ್ಕೆ ಎಣ್ಣೆ ಹಾಕತೊಡಗಿದ.

ಪೂಜ್ಯರೇ, ನೀವು ನೂರ್ಕಾಲ ಬಾಳಬೇಕು, ನಿಮ್ಮ ಕೈಯಿಂದ ಇನ್ನೂ ಎಷ್ಟೋ ಕಡಲುಗಳು ಹರವಿಕೊಳ್ಳಬೇಕು ಎಂಬುದು ನಮ್ಮೆಲ್ಲರ ಹಾರೈಕೆ. ನಿಮ್ಮ ಕೋಣೆಯ ಮೇಜಿನ ಮೇಲೆ ನಕ್ಷೆ ಹಾಸಿಟ್ಟಿದ್ದೇನೆ. ಹಡಗುಗಳನ್ನು ಅವುಗಳ ಮನೆಗಳಲ್ಲಿ ಇಟ್ಟಿದ್ದೇನೆ, ಬಿಳಿ ಕಾಯಿಗಳನ್ನು ಪಕ್ಕದಲ್ಲಿ ಜೋಡಿಸಿದ್ದೇನೆ. ಗಾಳಿಯ ಬಾಣವನ್ನು ಮಾತ್ರ ಇಟ್ಟಿಲ್ಲ. ಈಗ ಆ ಮೇಜಿಗೆ ಹಿರಿಯರು ನೀವೇ. ಅವಸರವಿಲ್ಲ ಸರ್, ಕಾಯುತ್ತೇನೆ.