ತಲೆಯಾಡಿಸಿದ್ದು ಬರಹಕ್ಕೆ ಬರಲಿಲ್ಲ

ಆಷಾಢದ ಒಂದು ಸೋಮವಾರ, ಮಧ್ಯಾಹ್ನದ ಊಟದ ಹೊತ್ತಿಗೆ, ನಾನು ಮುಂಡರಗಿಯ ನಮ್ಮ ಆಸ್ಪತ್ರೆಯಲ್ಲಿ ನನ್ನ ಹೆಂಡತಿ ರೋಗಿಗಳನ್ನು ನೋಡುವ ಕೋಣೆಯ ಒಳಬಾಗಿಲಲ್ಲಿ ನಿಂತಿದ್ದೆ. ಕೈಯಲ್ಲಿ ಊಟದ ಡಬ್ಬಿ ಇತ್ತು. ಬಾಗಿಲು ಅವಳ ಮೇಜಿನ ಎಡಕ್ಕಿದೆ. ಅಲ್ಲಿ ನಿಂತರೆ ಅವಳ ಮುಖ ಅರ್ಧ ಕಾಣುತ್ತದೆ, ಎದುರಿನ ಕುರ್ಚಿಯಲ್ಲಿ ಕುಳಿತವರ ಮುಖ ಪೂರ್ತಿ ಕಾಣುತ್ತದೆ, ಕುರ್ಚಿಯ ಹಿಂದೆ ನಿಂತವರದೂ ಕಾಣುತ್ತದೆ. ಇಷ್ಟು ವಿವರವಾಗಿ ಹೇಳುವುದಕ್ಕೆ ಕಾರಣವಿದೆ. ಅವತ್ತು ಆ ಕೋಣೆಯಲ್ಲಿ ನಡೆದ ಒಂದು ಸಣ್ಣ ಸಂಗತಿಯ ಮೇಲೆ ಮರುದಿನ ಕೊರ್ಲಹಳ್ಳಿಯ ಒಬ್ಬ ಹೆಣ್ಣುಮಗಳ ಜೀವ ಉಳಿಯುವುದು ನಿಂತಿತ್ತು. ಅದನ್ನು ಕಂಡವರು ನಾನು ಮತ್ತು ನನ್ನ ಹೆಂಡತಿ. ಮೇಜಿನ ಮೇಲಿದ್ದ ಮೂರನೆಯದಕ್ಕೆ ಅದು ಕಾಣಲಿಲ್ಲ.

ಮೂರನೆಯದು ಎಂದರೆ ಯಂತ್ರ. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು. ಡಾಕ್ಟರೂ ರೋಗಿಯೂ ಆಡುವ ಮಾತನ್ನು ಕೇಳಿಸಿಕೊಂಡು, ಬೇಡದ್ದನ್ನು ಬಿಟ್ಟು, ಬೇಕಾದ್ದನ್ನು ಇಂಗ್ಲಿಷಿನಲ್ಲಿ ಬರೆದು ಪರದೆಯ ಮೇಲೆ ಇಡುತ್ತದೆ. ಡಾಕ್ಟರು ಓದಿ ಒಪ್ಪಿಗೆ ಒತ್ತಿದರೆ ಅದೇ ರೋಗಿಯ ದಾಖಲೆ.

ಅದು ಬಂದದ್ದು ನನ್ನ ಹೆಂಡತಿಯ ದಣಿವಿನಿಂದ. ಅವಳು ಬೆಟಗೇರಿಯ ನೇಕಾರರ ಮನೆಯವಳು, ದುಡಿತಕ್ಕೆ ಹೆದರಿದವಳಲ್ಲ. ಆದರೆ ಈಚೆಗೆ ರೋಗಿಗಳಿಗಿಂತ ಕಾಗದ ಹೆಚ್ಚಾಗಿತ್ತು. ಪ್ರತಿಯೊಬ್ಬರದೂ ಕೇಸ್ ಪೇಪರು, ವಿಮೆಯವರಿಗೆ ಒಂದು, ಸರ್ಕಾರದ ಯೋಜನೆಗೆ ಇನ್ನೊಂದು. ಊಟದ ತಟ್ಟೆಯ ಪಕ್ಕ ಫೈಲು ಇಟ್ಟುಕೊಂಡು ಬರೆಯುತ್ತಿದ್ದಳು. ಸಾರು ಆರಿ ಕೆನೆಗಟ್ಟುತ್ತಿತ್ತು. ಒಂದು ದಿನ ಪೆನ್ನು ಕೆಳಗಿಟ್ಟು, ಸಿಟ್ಟೂ ಇಲ್ಲದೆ ಅಳುವೂ ಇಲ್ಲದೆ ಹೇಳಿದಳು:

"ದೀಪಾವಳಿಗೆ ದವಾಖಾನಿ ಬೋರ್ಡು ಇಳಸೂನ್ರಿ. ಮಂದಿನ್ನ ನೋಡಾಕ ಬ್ಯಾಸರಿಲ್ಲ. ಬರಿಯೂದು ಸಾಕಾಗೇತಿ."

ಯಂತ್ರ ಮಾರುವವನು ಹುಬ್ಬಳ್ಳಿಯಿಂದ ಬಂದ. ಒಳ್ಳೆಯ ಮಾತುಗಾರ. ನಾನು ಶಿರಹಟ್ಟಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು. ಗೊತ್ತಾಗದ್ದನ್ನು ಗೊತ್ತಾಯಿತು ಎನ್ನಲು ಬರುವುದಿಲ್ಲ.

"ಈ ಮಾತೆಲ್ಲಾ ಎಲ್ಲಿಗೆ ಹೋಗತೈತಿ?" ಎಂದು ಕೇಳಿದೆ.

"ಬರದಾದ ಮ್ಯಾಲ ಅಳಸಿ ಹೋಗತೈತ್ರಿ ಸರ್."

"ಯಾರು ಅಳಸತಾರ?"

"ಅದ ಅಳಸತೈತ್ರಿ."

"ಅಳಸಿದ್ದು ಖರೆ ಅಂತ ಯಾರು ನೋಡತಾರ?"

ಅವನು ನನ್ನ ಹೆಂಡತಿಯ ಕಡೆ ತಿರುಗಿ, "ಸರ್ ಸಾಲಿ ಮಾಸ್ತರೇನ್ರಿ ಮೇಡಮ್?" ಎಂದ.

"ರಿಟೈರ್ ಆಗ್ಯಾರ," ಎಂದಳು ಅವಳು. "ಚಟ ಇನ್ನೂ ರಿಟೈರ್ ಆಗಿಲ್ಲ."

ಯಂತ್ರ ಉಳಿಯಿತು. ಅದರಿಂದ ಆದ ಒಳ್ಳೆಯದನ್ನೂ ಹೇಳಬೇಕು. ಮೊದಲು ಕೈ ಬರೆಯುವಾಗ ಅವಳ ಕಣ್ಣು ಕಾಗದದ ಮೇಲಿರುತ್ತಿತ್ತು. ಈಗ ರೋಗಿಯ ಮುಖದ ಮೇಲಿತ್ತು. ಮನೆಗೆ ಬರಿಗೈಯಲ್ಲಿ ಬರತೊಡಗಿದಳು. ರೊಟ್ಟಿ ಬಿಸಿ ಇರುವಾಗಲೇ ತಿನ್ನುತ್ತಿದ್ದಳು. ಮೊದಮೊದಲು ಅದು ಬರೆದದ್ದನ್ನು ಸಾಲುಸಾಲಾಗಿ ಓದಿ ಒಪ್ಪಿಗೆ ಒತ್ತುತ್ತಿದ್ದಳು. ತಪ್ಪು ಸಿಗದಿದ್ದಾಗ ಓದುವುದು ಚುಟುಕಾಯಿತು. ನಾನು ಮಾತ್ರ ಆ ಕೋಣೆಗೆ ಹೋದಾಗಲೆಲ್ಲ ಅದರ ಹಸಿರು ದೀಪ ನೋಡುತ್ತಿದ್ದೆ. ನಮ್ಮ ಮನೆಯ ಮಾತು ಕೂಡ ಅದರ ಮುಂದೆ ಆಡುತ್ತಿರಲಿಲ್ಲ. ಡಬ್ಬಿಯಲ್ಲಿ ಏನು ಪಲ್ಯ ಎಂದು ಅವಳು ಕೇಳಿದರೆ ಮುಚ್ಚಳ ತೆಗೆದು ತೋರಿಸುತ್ತಿದ್ದೆ. ಅವಳು ನಗುತ್ತಿದ್ದಳು.

ಆ ಸೋಮವಾರ ಎದುರಿನ ಕುರ್ಚಿಯಲ್ಲಿ ಕುಳಿತವರು ಕೊರ್ಲಹಳ್ಳಿಯಿಂದ ಸೊಸೆಯನ್ನು ಕರೆತಂದ ಒಬ್ಬ ಅತ್ತೆ. ಜ್ವರ ಇದ್ದದ್ದು ಸೊಸೆಗೆ. ಅವಳು ಕುರ್ಚಿಯ ಹಿಂದೆ ಗೋಡೆಗೆ ಆತು ನಿಂತಿದ್ದಳು. ನಮ್ಮ ಕಡೆ ಇದರಲ್ಲಿ ವಿಶೇಷವಿಲ್ಲ. ಹಿರಿಯರು ಕೂಡುತ್ತಾರೆ, ಹಿರಿಯರೇ ಹೇಳುತ್ತಾರೆ.

"ಥಂಡಿಜ್ವರ್ರಿ ಅಕ್ಕಾರ," ಎಂದರು ಅತ್ತೆ. "ಟೊಂಕ ಹಿಡದೈತಿ ಅಂತಾಳ. ಉಚ್ಚಿ ಉರಿತೈತಂತ."

"ಆಕಿಗೂ ಬಾಯಿ ಐತಲ್ಲ ಯವ್ವಾ," ಎಂದಳು ನನ್ನ ಹೆಂಡತಿ.

"ಐತ್ರಿ. ಮನ್ಯಾಗ ಐತಿ."

ನನ್ನ ಹೆಂಡತಿ ನಕ್ಕಳು. ಆಮೇಲೆ ಸೊಸೆಯನ್ನೇ ನೋಡುತ್ತ ಕೇಳಿದಳು: "ಹಿಂದ ಯಾವದರೆ ಸೂಜಿ, ಗುಳಿಗಿ ಆಗಿಬರಲಾರದಂಗ ಆಗಿತ್ತೇನು? ಮೈಮ್ಯಾಲ ಗಂಧಿ ಏಳೂದು, ದಮ್ಮು ಹತ್ತೂದು?"

ಉತ್ತರ ಬಂದದ್ದು ಕುರ್ಚಿಯಿಂದ. "ಏನಿಲ್ರಿ. ಆಕಿ ದವಾಖಾನಿ ಮೆಟ್ಟಲನ ಹತ್ತಿಲ್ಲ. ಕನ್ಯಾ ನೋಡಾಕ ಹೋದಾಗ ಅವರಪ್ಪನ ಹೇಳಿದ್ದ, ನೆಗಡಿ ಸೈತ ಬಂದಿಲ್ಲ ಅಂತ."

ಅದೇ ಹೊತ್ತಿಗೆ, ಅತ್ತೆಯ ಬೆನ್ನ ಹಿಂದೆ, ಸೊಸೆ ತಲೆಯಾಡಿಸಿದಳು. ಇಲ್ಲ ಎಂದಲ್ಲ. ಹೌದು ಎಂದು, ಕೆಳಗೆ ಒಮ್ಮೆ, ನಿಧಾನವಾಗಿ. ಬಲಗೈಯಿಂದ ಎಡ ತೋಳನ್ನು ಮುಟ್ಟಿದಳು. ಆಮೇಲೆ ಗಂಟಲನ್ನು. ನನ್ನ ಹೆಂಡತಿ ಅದಕ್ಕೆ ಉತ್ತರವಾಗಿ ಬಾಯಿ ತೆರೆಯಲಿಲ್ಲ. ಅವಳೂ ಈ ಕಡೆಯವಳೇ. ಗೊತ್ತಾಯಿತು ಎಂದು ತಾನೂ ತಲೆಯಾಡಿಸಿದಳು. ಅಪ್ಪ ಆಡಿದ ಮಾತು ಅತ್ತೆಯ ಮುಂದೆ ಸುಳ್ಳಾಗಬಾರದು, ಡಾಕ್ಟರಿಗೆ ಮಾತ್ರ ತಿಳಿಯಬೇಕು. ಎರಡೂ ಆದವು. ಯಂತ್ರದ ಹಸಿರು ದೀಪ ಉರಿಯುತ್ತಿತ್ತು.

ನನ್ನ ಹೆಂಡತಿ ಮೂತ್ರಪರೀಕ್ಷೆಗೆ ಹೇಳಿ, ಸಲೈನ್ ಹಚ್ಚಿಸಿ, ವರದಿ ಬಂದ ಮೇಲೆ ಇಂಜೆಕ್ಷನ್ ಯಾವುದೆಂದು ನೋಡೋಣ ಎಂದು ಸೊಸೆಯನ್ನು ದಾಖಲು ಮಾಡಿಕೊಂಡಳು.

ಮಂಗಳವಾರ ಬೆಳಿಗ್ಗೆ ಅವಳು ಲಕ್ಷ್ಮೇಶ್ವರಕ್ಕೆ ಹೋಗುವ ದಿನ. ಅಲ್ಲಿನ ಒಂದು ಆಸ್ಪತ್ರೆಯಲ್ಲಿ ವಾರಕ್ಕೊಮ್ಮೆ ರೋಗಿಗಳನ್ನು ನೋಡುತ್ತಾಳೆ. ಆ ದಿನ ನಮ್ಮಲ್ಲಿ ಗದಗಿನಿಂದ ಬರುವ ಒಬ್ಬ ತರುಣ ಡಾಕ್ಟರು ಇರುತ್ತಾರೆ. ಒಳ್ಳೆಯ ಹುಡುಗ, ಅವಸರದವನಲ್ಲ. ವರದಿ ಬಂದಿತ್ತು. ಅವರು ವಾರ್ಡಿನ ಮೇಜಿನ ಪರದೆಯಲ್ಲಿ ದಾಖಲೆ ಪೂರ್ತಿ ಓದಿದರು, ಇಂಜೆಕ್ಷನ್ ಬರೆದರು. ಅಸುಂಡಿಯಿಂದ ಬರುವ ನರ್ಸಮ್ಮ ಟ್ರೇ ತಂದರು. ಮೊದಲು ಚರ್ಮದಡಿ ಒಂದು ಹನಿ ಹಾಕಿ ನೋಡುವುದು ರೂಢಿ; ಆಗಿಬಾರದವರ ಜೀವಕ್ಕೆ ಕುತ್ತಾಗಲು ಆ ಹನಿಯೂ ಸಾಕು. ನಾನು ವಾರ್ಡಿನ ಬಾಗಿಲ ಹತ್ತಿರ ಬೆಂಚಿನಲ್ಲಿ ಪೇಪರು ಓದುತ್ತಿದ್ದೆ.

ಸೊಸೆ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ಕೈ ಕೊಡಬೇ," ಎಂದರು ಅತ್ತೆ. "ಎಮ್ಮಿ ಹಾಯಾಕ ಬಂದ್ರ ಹೆದರಂಗಿಲ್ಲ, ಇಷ್ಟುದ್ದ ಸೂಜಿಗೆ ಹೆದರತಾಳ. ಹಾಕ್ರಿ ನರ್ಸಬಾಯಿ."

ಸೊಸೆ ತಲೆಯಾಡಿಸಿದಳು, ಈ ಸಲ ಬೇಡವೆಂದು.

"ಅಲರ್ಜಿ ಇಲ್ಲ ಅಂತ ನೀವ ಹೇಳೀರಲ್ಲಕ್ಕಾ," ಎಂದರು ತರುಣ ಡಾಕ್ಟರು, ಪರದೆಯನ್ನು ಅವಳ ಕಡೆ ತಿರುಗಿಸಿ.

"ನಾ ಹೇಳಿಲ್ರಿ," ಎಂದಳು. ಅವಳ ಧ್ವನಿ ನಾನು ಕೇಳಿದ್ದು ಅದೇ ಮೊದಲು. ಸ್ವಲ್ಪ ತಡೆದು, "ಆಗಿಬರಂಗಿಲ್ಲ ಅಂತ ಅಕ್ಕಾರ ಮುಂದ ಹೇಳೀನಿ," ಎಂದಳು.

"ಹೇಳಿಲ್ಲ ಅಂತೀರಿ, ಹೇಳೀನಿ ಅಂತೀರಿ."

ಅವಳ ಎರಡು ಮಾತೂ ನಿಜವಾಗಿದ್ದವು. ನಾನು ಎದ್ದು ಒಳಗೆ ಹೋದೆ. ನಿನ್ನೆ ಎಲ್ಲಿ ನಿಂತಿದ್ದೆ, ಏನು ನೋಡಿದೆ ಎಂದು ಹೇಳಿದೆ. ಡಾಕ್ಟರು ಮರ್ಯಾದೆಯಿಂದಲೇ ಕೇಳಿದರು. "ಸರ್, ಇದರಾಗ ಸ್ಪಷ್ಟ ಐತ್ರಿ. ಮೇಡಮ್ ಒಪ್ಪಿಗಿನೂ ಐತಿ," ಎಂದರು. ನಾನು ಬಾಗಿ ಓದಿದೆ. ತನಗೆ ಆಗಿಬಾರದ ಔಷಧ ಯಾವುದೂ ಇಲ್ಲವೆಂದು ರೋಗಿ ತಿಳಿಸಿದ್ದಾರೆ, ಎಂದಿತ್ತು. ಅತ್ತೆ ಹೇಳಿದರು ಎಂದಿರಲಿಲ್ಲ. ಬಾಯಿ ತೆರೆಯದ ಹೆಣ್ಣುಮಗಳ ಬಾಯಲ್ಲಿ ಅದು ಒಂದು ವಾಕ್ಯ ಇಟ್ಟಿತ್ತು, ಅಂಜದೆ, ಒಳ್ಳೆಯ ಇಂಗ್ಲಿಷಿನಲ್ಲಿ.

ನರ್ಸಮ್ಮ ಸಿರಿಂಜನ್ನು ಹಿಡಿದುಕೊಂಡೇ ಇದ್ದರು. ಹಾಕಲೂ ಇಲ್ಲ, ಇಡಲೂ ಇಲ್ಲ. ಡಾಕ್ಟರು ಲಕ್ಷ್ಮೇಶ್ವರದಲ್ಲಿದ್ದ ನನ್ನ ಹೆಂಡತಿಗೆ ಫೋನು ಹಚ್ಚಿ ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟರು. ನಿನ್ನೆ ಆದದ್ದೇನೆಂದು ಕೇಳಿದರು.

"ತಲಿ ಆಡಿಸಿದ್ಲು," ಎಂದಳು. "ನಾ ನೋಡೀನಿ. ಮೊದಲ ಆ ಸೂಜಿ ಟ್ರೇದಾಗ ಇಡ್ರಿ."

ಬೇರೆ ಔಷಧ ಕೊಟ್ಟರು. ಮಧ್ಯಾಹ್ನ ನನ್ನ ಹೆಂಡತಿ ಬಂದು ಸೊಸೆಯ ಹಾಸಿಗೆಯ ಅಂಚಿನಲ್ಲಿ ಕುಳಿತು ಕೇಳಿದಾಗ ಉಳಿದದ್ದು ತಿಳಿಯಿತು. ಮದುವೆಗೆ ಮೊದಲು, ಶಿರಹಟ್ಟಿ ಕಡೆಯ ತವರಿನಲ್ಲಿ, ಗಂಟಲುನೋವಿಗೆ ಇದೇ ಜಾತಿಯ ಸೂಜಿ ಹಾಕಿದಾಗ ಮೈಯೆಲ್ಲ ಗಂಧೆ ಎದ್ದು ಉಸಿರು ಕಟ್ಟಿತ್ತು. ಟ್ರ್ಯಾಕ್ಸ್ ಗಾಡಿಯಲ್ಲಿ ಗದಗಿಗೆ ಒಯ್ದಿದ್ದರು.

"ನೆಗಡಿ ಸೈತ ಬಂದಿಲ್ಲ ಅಂದಿದ್ನಲ್ಲ ನಿಮ್ಮಪ್ಪ," ಎಂದರು ಅತ್ತೆ.

"ನೆಗಡಿ ಬಂದಿಲ್ರಿ ಅತ್ತಿ," ಎಂದಳು ಸೊಸೆ.

ನರ್ಸಮ್ಮ ಮುಖ ತಿರುಗಿಸಿ ನಕ್ಕರು. ಅತ್ತೆ ನಗಲಿಲ್ಲ. ಆದರೆ ಆ ದಿನವೆಲ್ಲ ಸೊಸೆಯ ಎಡ ತೋಳಿನ ಮೇಲೆ ಕೈ ಇಟ್ಟುಕೊಂಡು ಕುಳಿತಿದ್ದರು, ಯಾರೋ ಬಂದು ಚುಚ್ಚಿಬಿಡುತ್ತಾರೆ ಎಂಬಂತೆ.

ನನ್ನ ಹೆಂಡತಿ ಯಂತ್ರ ಮಾರಿದವನಿಗೆ ಫೋನು ಮಾಡಿದಳು. ನೋಡಿದ್ದನ್ನು ಜೋರಾಗಿ ಹೇಳಿಬಿಡಬೇಕಿತ್ತು ಮೇಡಮ್, ಅದು ಬರೆದುಕೊಳ್ಳುತ್ತಿತ್ತು, ಎಂದನಂತೆ.

"ಜೋರಾಗಿ ಹೇಳುವಂಗಿದ್ರ ಆಕಿನ ಹೇಳತಿದ್ಲಲ್ಲ," ಎಂದು ಇವಳು ಫೋನು ಇಟ್ಟಳು.

ಆಮೇಲೆ ಪರದೆಯ ಮೇಲಿನ ಆ ಸಾಲನ್ನು ಮತ್ತೊಮ್ಮೆ ಓದಿದಳು. "ನಾ ಕಂಡೆ ಅಂದ್ರ ಬರದಿಟ್ಟಂಗನ ಅಂತ ತಿಳದಿದ್ದೆ ನೋಡ್ರಿ," ಎಂದಳು. ಮೊದಲಾದರೆ ತಲೆಯಾಡಿಸಿದ್ದನ್ನು ಕಂಡ ಕೂಡಲೇ ಕೈ ತಾನಾಗಿ ಕೆಂಪು ಪೆನ್ನಿಗೆ ಹೋಗಿ, ಕೇಸ್ ಪೇಪರಿನ ನೆತ್ತಿಯ ಮೇಲೆ ಔಷಧದ ಎಚ್ಚರಿಕೆ ಬರೆದುಬಿಡುತ್ತಿತ್ತು. ಪೆನ್ನು ಹೋದಾಗ ಅದರ ಜೊತೆ ಆ ಅಭ್ಯಾಸವೂ ಹೋದದ್ದು ನಮ್ಮಿಬ್ಬರಿಗೂ ಗೊತ್ತಾಗಿರಲಿಲ್ಲ.

ಯಂತ್ರವನ್ನು ತೆಗೆಸೆಂದು ನಾನು ಹೇಳಿದೆ. ಅವಳು ಒಪ್ಪಲಿಲ್ಲ. ತೆಗೆದರೆ ಬೋರ್ಡು ಇಳಿಸಬೇಕಾಗುತ್ತದೆ ಎಂದಳು. ಅದು ಸುಳ್ಳಲ್ಲ. ಈಗ ಮೇಜಿನ ಮೇಲೆ ಯಂತ್ರದ ಪಕ್ಕ ಕೆಂಪು ಪೆನ್ನೂ ಒಂದು ರಟ್ಟಿನ ಚೀಟಿಕಟ್ಟೂ ಇವೆ. ಯಾರೂ ಬಾಯಿಬಿಟ್ಟು ಹೇಳದ್ದನ್ನು ಅವಳು ಚೀಟಿಯಲ್ಲಿ ಬರೆದು ರೋಗಿಯ ಮಂಚಕ್ಕೆ ಕಟ್ಟಿಸುತ್ತಾಳೆ, ಮತ್ತು ಒಪ್ಪಿಗೆ ಒತ್ತುವ ಮೊದಲು ಪ್ರತಿ ಸಾಲನ್ನೂ ಓದುತ್ತಾಳೆ. ಅದಕ್ಕೆ ಹೊತ್ತು ಹಿಡಿಯುತ್ತದೆ. ರೊಟ್ಟಿ ಕೆಲವು ದಿನ ಆರುತ್ತದೆ. ದೀಪಾವಳಿ ಬಂದು ಹೋಯಿತು, ಬೋರ್ಡು ಇಳಿದಿಲ್ಲ. ನನ್ನ ಸಂಶಯವೂ ಇಳಿದಿಲ್ಲ. ಡಬ್ಬಿಯ ಮುಚ್ಚಳವನ್ನು ಈಗಲೂ ಮಾತಿಲ್ಲದೆ ತೆಗೆಯುತ್ತೇನೆ.

ಅಳಿಸಿ ಹೋದ ಆ ಸೋಮವಾರದ ಮಾತನ್ನು ತೆಗೆದು ತೋರಿಸಲು ಇನ್ನು ಯಾರಿಂದಲೂ ಆಗದು. ಆದ್ದರಿಂದ ಬರೆದಿಟ್ಟಿದ್ದೇನೆ. ಸಂದೇಹವಿದ್ದವರು ಕೇಳಬಹುದು. ಕೋಣೆಯಲ್ಲಿ ಕಂಡವಳು ನನ್ನ ಹೆಂಡತಿ, ಈ ಹೊತ್ತೂ ಅದೇ ಮೇಜಿನ ಹಿಂದೆ ಇದ್ದಾಳೆ. ವಾರ್ಡಿನಲ್ಲಿ ಕಂಡವರಲ್ಲಿ ತರುಣ ಡಾಕ್ಟರು ಗದಗಿನಲ್ಲಿದ್ದಾರೆ, ಮಂಗಳವಾರ ಬರುತ್ತಾರೆ. ನರ್ಸಮ್ಮ ದಿನವೂ ಅಸುಂಡಿಯಿಂದ ಬಸ್ಸಿನಲ್ಲಿ ಬರುತ್ತಾರೆ. ಅತ್ತೆ ಕೊರ್ಲಹಳ್ಳಿಯಲ್ಲಿದ್ದಾರೆ, ಮೊನ್ನೆ ತಮ್ಮ ಮಂಡಿನೋವಿಗೆ ಬಂದಾಗಲೂ ಅದೇ ಕುರ್ಚಿಯಲ್ಲಿ ಕುಳಿತು ಮಾತಾಡಿದರು, ನಡುನಡುವೆ ಹಿಂದೆ ತಿರುಗಿ ನೋಡುತ್ತ. ಅವರ ಹಿಂದೆ, ಗೋಡೆಗೆ ಆತು, ಸೊಸೆ ನಿಂತಿದ್ದಳು.