ಅರ್ಧ ಒತ್ತುವ ಬೆರಳು

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಕ್ಯಾಮೆರಾ ಹಳೆಯದಾಯಿತು ಅಂದೆ. ಇಡೀ ಮಳೆಗಾಲ ಮನೆಯಲ್ಲಿ, ಕಚೇರಿಯಲ್ಲಿ, ಲೋಕಲ್ ರೈಲಿನಲ್ಲಿ ಪಕ್ಕಕ್ಕೆ ಕೂತ ಅಪರಿಚಿತರ ಹತ್ತಿರವೂ ಇದನ್ನೇ ಹೇಳಿಕೊಂಡು ತಿರುಗಿದೆ.

ನಾವಿರುವುದು ಮರಾಠಿ ಊರಿನಲ್ಲಿ, ಮನೆ ನಿಗಡಿಯಲ್ಲಿ, ಕಚೇರಿ ಶಿವಾಜಿನಗರದಲ್ಲಿ. ಫೋಟೋ ತೆಗೆಯುವುದು ನನ್ನ ಹೊಟ್ಟೆಪಾಡಲ್ಲ, ಬರೀ ಹುಚ್ಚು. ಕಚೇರಿಯ ಬಾಗಿಲು ತೆರೆಯುವುದಕ್ಕೆ ಬಹಳ ಮೊದಲೇ ಸ್ಟೇಷನ್ನಿಗೆ ಬಂದಿಳಿದು, ಹೊರಗೆ ಬಸ್ಸಿಗೆ ಕಾಯುವವರ ಮುಖಗಳನ್ನು ತೆಗೆಯುತ್ತಿದ್ದೆ. ಕಾಯುವಾಗ ಮನುಷ್ಯನ ಮುಖ ತನ್ನನ್ನು ತಾನು ಮರೆಯುತ್ತದೆ. ಕ್ಯಾಮೆರಾದ ಗುಂಡಿಯನ್ನು ಅರ್ಧ ಒತ್ತಿ, ನೋಟ ಹದಮಾಡಿ ಹಿಡಿದುಕೊಂಡು ಆ ಗಳಿಗೆಗೆ ನಾನೂ ಕಾಯಬೇಕು, ಬಂದ ಕೂಡಲೇ ಪೂರ್ತಿ ಒತ್ತಬೇಕು. ನನಗೆ ಗೊತ್ತಿದ್ದ ವಿದ್ಯೆಯೆಲ್ಲ ಆ ಅರ್ಧ ಒತ್ತುವುದರಲ್ಲೇ ಇತ್ತು. ಟ್ರೈಪಾಡ್ ಇಟ್ಟುಕೋ ಎಂದು ಬುದ್ಧಿ ಹೇಳಿದವರುಂಟು. ಮೂರು ಕಾಲಿನ ಆ ಸಾಮಾನು ಕಂಡರೆ ಸಾಕು, ಜನ ಅಂಗಿ ಸರಿಮಾಡಿಕೊಂಡು, ತಲೆ ಬಾಚಿಕೊಂಡು, ಮದುವೆಗೆ ಬಂದವರಂತೆ ನಿಂತುಬಿಡುತ್ತಾರೆ. ಅಂಥ ಫೋಟೋ ತೆಗೆಯಲು ಊರಲ್ಲಿ ಬೇಕಾದಷ್ಟು ಸ್ಟುಡಿಯೋಗಳಿವೆ.

ಆ ಮಳೆಗಾಲದ ಒಂದು ಬೆಳಿಗ್ಗೆ ಕಟ್ಟಡದ ಕೆಲಸಕ್ಕೆ ಹೊರಟ ಹೆಂಗಸೊಬ್ಬಳು ಅಲ್ಲಿ ನಿಂತಿದ್ದಳು. ಮಾತು ಕೇಳಿದರೆ ಯಾದಗಿರಿ ಕಡೆಯವಳು. ಫೋಟೋ ತೆಗೆದು, ಕನ್ನಡದವಳಲ್ಲವೇ ಎಂಬ ಸಲಿಗೆಯಿಂದ ತೋರಿಸಿದೆ. ಅವಳು ಸೆರಗಿನಿಂದ ಕ್ಯಾಮೆರಾದ ಪರದೆ ಒರೆಸಿ ಮತ್ತೆ ನೋಡಿದಳು.

“ಇದು ನಾನೇನ್ರಿ ಅಣ್ಣಾರ? ಮಬ್ಬ್ ಮಬ್ಬ್ ಕಾಣಾಕತ್ತದಲ್ರಿ.”

“ಕ್ಯಾಮೆರಾ ಹಳೇದಾಗೇದ ತಂಗಿ,” ಅಂದೆ.

ಅಂದಿನಿಂದ ಹೊಸ ಕ್ಯಾಮೆರಾದ ಜಪ ಶುರುವಾಯಿತು. ಸಂಜೆಯಾದರೆ ಮೊಬೈಲಿನಲ್ಲಿ ಕ್ಯಾಮೆರಾ ಪಂಡಿತರ ವಿಡಿಯೋಗಳು. ಒಬ್ಬ ಹೊಗಳಿದ್ದನ್ನು ಇನ್ನೊಬ್ಬ ತೆಗಳುತ್ತಿದ್ದ. ನಾನು ಮಾತ್ರ ಎಲ್ಲದರಲ್ಲೂ ಒಂದನ್ನೇ ಹುಡುಕುತ್ತಿದ್ದೆ: ಕೈ ಅಲುಗಿದರೂ ಚಿತ್ರ ಅಲುಗದಂತೆ ಒಳಗಿನಿಂದಲೇ ತಡೆಯುವ ಕ್ಯಾಮೆರಾ ಯಾವುದು? ಪರದೆಯ ಮೇಲೆ ಯಾವನೋ ಓಡುತ್ತ ಓಡುತ್ತ ತೆಗೆದ ಚಿತ್ರ ಕಲ್ಲಿನಲ್ಲಿ ಕೆತ್ತಿದಂತೆ ನಿಂತಿರುತ್ತಿತ್ತು. ನೋಡಿ ನೋಡಿ ನನಗೆ ಆಸೆ ಹುಟ್ಟುತ್ತಿತ್ತು.

“ಹೆಣ್ಣು ನೋಡ್ಲಿಕ್ಕೂ ಇಷ್ಟು ಯೋಚನೆ ಮಾಡಿದ್ದಿಲ್ರಿ ನೀವು,” ಎಂದಳು ಹೆಂಡತಿ. ಅವಳು ಬೆಳಗಾವಿಯವಳು, ಮಾತಿಗೆ ಸೋಲುವವಳಲ್ಲ. “ನನ್ನ ನೋಡಿ ಚಹಾ ಕುಡದ್ರಿ, ಹೂಂ ಅಂದ್ರಿ, ಮುಗೀತು.”

ಚಹಾದ ಮಾತು ಬಂದಾಗ ನಾನು ನಗಲಿಲ್ಲ. ಅಷ್ಟು ಹೊತ್ತಿಗಾಗಲೇ ನಾನು ಬಸಿಗೆ ಸುರಿದು ಚಹಾ ಕುಡಿಯುವುದನ್ನು ಬಿಟ್ಟಿದ್ದೆ, ಬಾಯಿಗೆ ಬರುವಷ್ಟರಲ್ಲಿ ತುಳುಕುತ್ತಿತ್ತು. ಬಲಗೈಯನ್ನು ಸುಮ್ಮನೆ ತೊಡೆಯ ಮೇಲೆ ಇಟ್ಟರೂ ಬೆರಳುಗಳು ತಮ್ಮಷ್ಟಕ್ಕೆ ತಾವೇ ಆಡುತ್ತಿದ್ದವು. ಅವಳೂ ನೋಡಿದ್ದಳು. ಕೊನೆಗೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದವಳೂ ಅವಳೇ. ನಡೆಸಿ, ಕೂಡಿಸಿ, ಬೆರಳು ಬಡಿಸಿ ನೋಡಿದ ಡಾಕ್ಟರು ಇದು ಕಂಪವಾತ ಎಂದರು. ಮಾತ್ರೆಯಿಂದ ಹತೋಟಿಗೆ ಬರಬಹುದು, ಪೂರ್ತಿ ಹೋಗುವುದಿಲ್ಲ, ನಿಧಾನವಾಗಿ ಹೆಚ್ಚುತ್ತದೆ ಎಂದು ಸಮಾಧಾನದ ಮರಾಠಿಯಲ್ಲಿ ತಿಳಿಸಿದರು. ಹಾಗಾದರೆ ಯಾವ ಕ್ಯಾಮೆರಾ ತೆಗೆದುಕೊಳ್ಳಲಿ ಎಂದು ನಾನು ಕೇಳಿದೆ. ಅಂಥ ಪ್ರಶ್ನೆ ಕೇಳಿದ ರೋಗಿ ಅವರಿಗೆ ಇನ್ನೊಬ್ಬ ಸಿಕ್ಕಿರಲಿಕ್ಕಿಲ್ಲ. ಅವರು ಹೆಂಡತಿಯ ಮುಖ ನೋಡಿದರು.

ನಮ್ಮ ಧಾರವಾಡದ ಕಡೆ ಖಂಡೇನವಮಿಗೆ ಮನೆಯ ಆಯುಧಗಳನ್ನೆಲ್ಲ ಮಣೆಯ ಮೇಲಿಟ್ಟು ಪೂಜಿಸುತ್ತೇವೆ. ಇಟ್ಟದ್ದನ್ನು ಮರುದಿನ ಬನ್ನಿ ಮುಡಿಯುವ ತನಕ ಮುಟ್ಟುವಂತಿಲ್ಲ. ಆಮೇಲೆ ಯಾರ ಆಯುಧವನ್ನು ಅವರೇ ಎತ್ತಬೇಕು, ಇದು ನಮ್ಮ ಮನೆಯ ರೂಢಿ. ಹೊಸ ಕ್ಯಾಮೆರಾ ಆ ಮಣೆಯ ಮೇಲೆ ಕೂರಬೇಕೆಂದು ಹಟ ಹಿಡಿದು, ಹಬ್ಬದ ಹಿಂದಿನ ದಿನ ಅಂಗಡಿಗೆ ಹೋದೆ.

“ಕಾಕಾ, ಹಾತಾತ ಘೇವೂನ ಬಘಾ,” ಕೈಯಲ್ಲಿ ಹಿಡಿದೇ ನೋಡಿ ಎಂದು ಅಂಗಡಿಯವರು ನಾನು ಆರಿಸಿದ್ದನ್ನೇ ಕೈಗೆ ಕೊಟ್ಟರು. ಅವರನ್ನೇ ಕ್ಯಾಮೆರಾದಲ್ಲಿ ಹಿಡಿದೆ. ಕೈ ನಡುಗುತ್ತಿತ್ತು. ಪರದೆಯಲ್ಲಿ ಮೂಡಿದ ಚಿತ್ರದಲ್ಲಿ ಅವರ ಹುಬ್ಬಿನ ಒಂದೊಂದು ಕೂದಲೂ ಎಣಿಸುವಷ್ಟು ಸ್ಪಷ್ಟವಾಗಿತ್ತು. ಕಣ್ಣಲ್ಲಿ ನೀರು ಬಂತು. ಗೆದ್ದೆ ಅಂದುಕೊಂಡೆ.

ಇನ್ನೊಂದು ತೆಗೆಯೋಣವೆಂದು ಬಾಗಿಲಿನತ್ತ ತಿರುಗಿದೆ. ಅಲ್ಲಿ ಒಬ್ಬ ಮುದುಕಿ ಮಗಳಿಗಾಗಿ ಕಾಯುತ್ತ ಕೂತಿದ್ದಳು. ಗುಂಡಿ ಅರ್ಧ ಒತ್ತಿದೆ. ಅರ್ಧಕ್ಕೆ ನಿಲ್ಲಲಿಲ್ಲ. ಬೆರಳು ತಾನಾಗಿ ಪೂರ್ತಿ ಇಳಿಯಿತು, ಮತ್ತೆ ಇಳಿಯಿತು, ಮತ್ತೆ. ಮುದುಕಿ ಆಕಳಿಸಿದ್ದು, ಮೂಗು ತಿಕ್ಕಿದ್ದು, ಚೀಲ ತಡಕಿದ್ದು ಎಲ್ಲವೂ ಬಂದಿತ್ತು, ಎಲ್ಲವೂ ಸ್ಪಷ್ಟವಾಗಿತ್ತು. ಮಗಳು ಕಂಡ ಗಳಿಗೆಯಲ್ಲಿ ಅವಳ ಮುಖ ಅರಳಿದ್ದನ್ನು ನಾನು ಕಣ್ಣಾರೆ ನೋಡಿದೆ. ಅದೊಂದು ಬಂದಿರಲಿಲ್ಲ. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು. ಯಂತ್ರ ಚಿತ್ರವನ್ನು ನಿಲ್ಲಿಸಬಲ್ಲದು. ಯಾವಾಗ ಒತ್ತಬೇಕೆಂದು ಈಗ ಆರಿಸುತ್ತಿದ್ದುದು ನಾನಲ್ಲ, ನನ್ನ ರೋಗ.

ಮನೆಯಲ್ಲಿ ಹೆಂಡತಿ ಆಗಲೇ ಮಣೆ ತೊಳೆದಿಟ್ಟಿದ್ದಳು. “ಕ್ಯಾಮೆರಾ ಎಲ್ಲದರಿ? ಹೊಸಾದಕ್ಕ ನಟ್ಟನಡುವ ಜಾಗಾ ಬಿಟ್ಟೇನಿ.”

“ಮನಸ್ಸಿಗೆ ಬರಲಿಲ್ಲ.”

ಮರುದಿನ ಅವಳು ಈಳಿಗೆ, ಕತ್ತರಿ, ಸ್ಕ್ರೂಡ್ರೈವರುಗಳ ನಡುವೆ ಹಳೆಯ ಕ್ಯಾಮೆರಾವನ್ನೇ ಇಟ್ಟು ಕುಂಕುಮ ಹಚ್ಚಿದಳು. ಮುಟ್ಟುವಂತಿಲ್ಲದ ಆ ಒಂದು ದಿನ ನನಗೆ ಬಹಳ ಹಗುರಾಗಿತ್ತು. ಎಲ್ಲರ ಕೈಯೂ ಖಾಲಿ ಇತ್ತು, ನನ್ನದೂ.

ದಸರೆಯ ಸಂಜೆ ಬನ್ನಿ ಕೊಡಲು ನೆರೆಹೊರೆಯವರು ಬಂದು ಹೋದರು. ಅವರು ಕೊಟ್ಟ ಎಲೆಗಳನ್ನು ಹಿಡಿದುಕೊಂಡು ಕುರ್ಚಿಯಲ್ಲಿ ಕೂತಿದ್ದೆ. ಹೆಂಡತಿ ಈಳಿಗೆ ಎತ್ತಿಟ್ಟಳು, ಕತ್ತರಿ ಎತ್ತಿಟ್ಟಳು.

“ನಿಮ್ಮದು ನೀವು ಎತ್ರಿ. ಹಂಗ ಬಿಡಬಾರದು.”

ನಾನು ಏಳಲಿಲ್ಲ. ಕೊನೆಗೆ ಅವಳೇ ಕ್ಯಾಮೆರಾ ಎತ್ತಿದಳು. ಇಷ್ಟು ವರ್ಷಗಳಲ್ಲಿ ಅವಳು ಅದನ್ನು ಕಣ್ಣಿಗೆ ಹಿಡಿದದ್ದು ಅದೇ ಮೊದಲು. “ಇಲ್ಲೆ ನೋಡ್ರಿ,” ಅಂದಳು. ಮಂದ ಬೆಳಕಿನಲ್ಲಿ ಕ್ಯಾಮೆರಾ ನಿಧಾನವಾಗಿ ಕಣ್ಣು ಮುಚ್ಚಿ ತೆರೆಯಿತು.

“ಅಯ್ಯ, ಎಷ್ಟು ಚಲೋ ಬಂದದ! ಇದಕ್ಕೇನಾಗೇದ? ಸುಮ್ನ ಹಳೇದಾತು ಹಳೇದಾತು ಅಂತ...” ಎನ್ನುತ್ತ ಪಕ್ಕದಲ್ಲಿ ಬಂದು ಕೂತಳು.

ಬಹಳ ಚೆನ್ನಾಗಿಯೇ ಬಂದಿತ್ತು. ನನ್ನ ಕನ್ನಡಕದ ದಂಡಿಗೆ ಸುತ್ತಿದ ದಾರ, ಹಣೆಯ ಗೆರೆ, ಹಿಂದಿನ ಗೋಡೆಯ ಕ್ಯಾಲೆಂಡರು, ಎಲ್ಲವೂ ಸ್ಪಷ್ಟ. ತೊಡೆಯ ಮೇಲೆ ಮಾತ್ರ ಕೈಗಳಿರಲಿಲ್ಲ. ಎಲೆಯೂ ಬೆರಳೂ ಕಲೆಸಿಹೋಗಿ, ಅಲ್ಲೊಂದು ಹಸಿರು ಮಬ್ಬು ಇತ್ತು.

ಅವಳೂ ಈಗ ಅದನ್ನೇ ನೋಡುತ್ತಿದ್ದಳು. ಕ್ಯಾಮೆರಾ ಬಂದ್ ಮಾಡಿ, ಎದ್ದು ಹೋಗಿ, ಮತ್ತೆ ಮಣೆಯ ಮೇಲೆ ಇಟ್ಟಳು. ಪೂಜೆ ಮುಗಿದ ಮಣೆಯನ್ನು ತೆಗೆದಿಡಬೇಕು, ಅವಳು ತೆಗೆಯಲಿಲ್ಲ. ದೀಪಾವಳಿಗೆ ಮನೆಯೆಲ್ಲ ಗುಡಿಸಿ ಸಾರಿಸಿದಾಗಲೂ ಆ ಮಣೆಯ ಸುತ್ತಲಷ್ಟೇ ಒರೆಸಿದಳು.