ರಶ್ಮಿಯ ಇಟಾಲಿಯನ್, ಜೊನಾಲಿಯ ಹೆರಿಗೆ

ನಮ್ಮ ಮನೆಯಲ್ಲಿ ಈಗ ಬೆಳಗಾಗುವುದೇ ಇಟಾಲಿಯನ್ನಿನಲ್ಲಿ.

ತಂಗಿಯ ಮಗಳು ರಶ್ಮಿ ಮೂಡಿಗೆರೆಯ ನರ್ಸಿಂಗ್ ಹೋಮೊಂದರಲ್ಲಿ ನರ್ಸ್. ಗೋಣಿಬೀಡಿನ ನಮ್ಮ ಮನೆಯಿಂದಲೇ ಡ್ಯೂಟಿಗೆ ಹೋಗುತ್ತಾಳೆ. ಇಟಲಿಯಲ್ಲಿ ಕೆಲಸ ಸಿಗಬೇಕಾದರೆ ಆ ಭಾಷೆಯ ಪರೀಕ್ಷೆ ಪಾಸಾಗಬೇಕಂತೆ. ಎದ್ದವಳೇ ಕ್ರಿಯಾಪದಗಳನ್ನು ಬೀನ್ಸ್ ಮುರಿದ ಹಾಗೆ ಮುರಿಯುತ್ತಾಳೆ. ಕಾ-ಪಿ-ಸ್ಕೊ-ನೊ. ಅಂದರೆ 'ಅವರಿಗೆ ಅರ್ಥವಾಗುತ್ತದೆ'. (ಕಾಪಿ ಅಂತ ಕೇಳಿಸಿದ್ದೇ ನಮ್ಮ ಯಜಮಾನರು ಲೋಟ ಹಿಡಿದು ಬಂದರು.)

"ಒತ್ತು 'ಪಿ' ಮೇಲೆ ಬೀಳ್ಬೇಕು ದೊಡ್ಡಮ್ಮ. ನಾನು 'ಸ್ಕೊ' ಮೇಲೆ ಹಾಕ್ತೀನಿ, ಮೇಡಂ ಬೈತಾರೆ."

"ಎಲ್ಲಿ ಒತ್ತಿದ್ರೇನೆ, ಅರ್ಥ ಆದ್ರೆ ಸಾಲ್ದಾ?"

"ನೋವಲ್ಲಿರೋರಿಗೆ ತಪ್ಪು ತಪ್ಪಾಗಿ ಹೇಳಿದ್ರೆ ಇನ್ನೂ ಗಾಬರಿ ಆಗ್ತಾರೆ."

ಹೋದ ವಾರ ನಮ್ಮ ತೋಟದಲ್ಲಿ ಕಾಫಿ ಕುಯ್ಯುವ ಅಸ್ಸಾಮಿನ ಜೊನಾಲಿಗೆ ದಿನ ತುಂಬುವ ಮೊದಲೇ ಹೆರಿಗೆ ನೋವು ಬಂತು. ಅವಳನ್ನೂ ಗಂಡ ಬಿಪುಲನನ್ನೂ ಜೀಪಿಗೆ ಹತ್ತಿಸಿಕೊಂಡು ರಶ್ಮಿ ಇರುವಲ್ಲಿಗೇ ಹೋದೆ. ಆಪರೇಷನ್ ಆಗಲೇಬೇಕು ಎಂದರು. ಬಿಪುಲನಿಗೆ ತಕ್ಕಮಟ್ಟಿಗೆ ಕನ್ನಡ ಬರುತ್ತದೆ, ಆದರೆ ಅವನನ್ನು ಒಳಗೆ ಬಿಡುವಂತಿಲ್ಲ. ಜೊನಾಲಿಗೆ ಅದೂ ಬಾರದು. ಮಂಚದ ಸರಳು ಹಿಡಿದವಳು ಬಿಡುತ್ತಿಲ್ಲ, ಬೆನ್ನಿಗೆ ಇಂಜೆಕ್ಷನ್ ಚುಚ್ಚಲು ಕೊಡುತ್ತಿಲ್ಲ. ಒಬ್ಬ ನರ್ಸ್ ಕನ್ನಡದಲ್ಲಿ ಜೋರು ಮಾಡಿದರು, ಇನ್ನೊಬ್ಬರು ಅದನ್ನೇ ಇನ್ನೂ ಜೋರಾಗಿ ಹೇಳಿದರು. (ಭಾಷೆ ಬಾರದವರಿಗೆ ಕಿವಿಯೂ ಕೇಳದು ಅಂತ ನಮಗೆ ಯಾರು ಹೇಳಿಕೊಟ್ಟರೋ.) ಹೊತ್ತು ಮೀರಿದರೆ ಎರಡು ಜೀವಕ್ಕೂ ಅಪಾಯ. ನಾನೂ ಬಿಪುಲನೂ ಹೊರಗೆ ಬಾಗಿಲ ಹತ್ತಿರವೇ ಕೂತಿದ್ದೆವು.

ರಶ್ಮಿ ಬಾಗಿಲಿಗೆ ಬಂದಳು. "ಬಿಪುಲ್, ಹೆದರಬೇಡ ಅನ್ನೋಕೆ ನಿಮ್ಮಲ್ಲಿ ಏನಂತಾರೆ?"

"ಭೊಯ್ ನೊಕೊರಿಬಾ."

"ನೊ-ಕೊ-ರಿ-ಬಾ. ಒತ್ತು ಎಲ್ಲಿ? ಇನ್ನೊಂದ್ಸಲ ಹೇಳು."

ಅವನು ಅಳುತ್ತಲೇ ಹೇಳಿದ. ಇವಳು ಅವನ ಬಾಯನ್ನೇ ನೋಡುತ್ತಾ ಹೇಳಿಕೊಂಡಳು. ಅವನು ಸರಿ ಎಂದು ತಲೆಯಾಡಿಸುವವರೆಗೂ ಬಿಡಲಿಲ್ಲ. ಒಳಗೆ ಹೋಗಿ ಜೊನಾಲಿಯ ಕಿವಿಯ ಹತ್ತಿರ ಬಾಗಿ ಮೆಲ್ಲಗೆ ಅಂದಳಂತೆ. ಜೊನಾಲಿ ಸರಳು ಬಿಟ್ಟು ಇವಳ ಕೈ ಹಿಡಿದುಕೊಂಡಳಂತೆ.

ಹೆಣ್ಣು ಮಗು. ಇಬ್ಬರೂ ಉಳಿದರು.

ಮನೆಗೆ ಬಂದು ನಾನು ಅತ್ತುಬಿಟ್ಟೆ. ಬರೀ ಖುಷಿಗೆ ಅಂತ ಹೇಳಲಾರೆ. ಜೊನಾಲಿ ನಮ್ಮ ತೋಟಕ್ಕೆ ಬಂದು ಮೂರು ಕುಯ್ಲು ಮುಗಿದಿದೆ. ಅಷ್ಟರಲ್ಲಿ ನಾವು ಅವಳಿಗೆ ಕಲಿಸಿದ ಕನ್ನಡ ಯಾವುದು? ಬಾ, ಹೋಗು, ಬೇಗ. ಅವಳಿಂದ ನಾವು ಕಲಿತದ್ದು ಒಂದು ಪದವೂ ಇಲ್ಲ. ಇಟಲಿಗೆ ಹೋಗುವ ನರ್ಸ್ ಅಲ್ಲಿನ ರೋಗಿಯ ಭಾಷೆ ಕಲಿತೇ ಹೋಗಬೇಕು, ಅದು ನ್ಯಾಯವಾದದ್ದೇ.

ನಮ್ಮ ಕಾಫಿ ಕುಯ್ಯುವವಳಿಗೆ ಹೆದರಬೇಡ ಅನ್ನಲು ನಾವು ಅವಳ ಹೆರಿಗೆ ನೋವಿನ ತನಕ ಕಾಯಬೇಕಿತ್ತೇ?